ಅಪರಿಮಿತ ಸ್ಥಳ, ಅಲ್ಪ ಬಾಡಿಗೆ

ಹೊಸದಾಗಿ ಅಂಗಡಿಯನ್ನೋ ಸಣ್ಣ ಕಾರ್ಖಾನೆಯನ್ನೋ ತೆರೆದವನು ಈಗ ಬಾಗಿಲ ಮೇಲೆ ಹೆಸರಿನ ಹಲಗೆ ಹಾಕಿಸುವುದರೊಡನೆ ಅಂತರ್ಜಾಲದಲ್ಲಿಯೂ ತನ್ನದೊಂದು ತಾಣವಿರಬೇಕೆಂದು ಬಯಸುತ್ತಾನೆ. ಬಯಸಿದ್ದೇ ತಡ, ಜಾಹೀರಾತುಗಳು ಅವನ ಮುಂದೆ ಸಾಲುಗಟ್ಟುತ್ತವೆ: ‘ಅಪರಿಮಿತ ಸ್ಥಳ’, ‘ಒಂದು ಊಟದ ಬೆಲೆಗೆ ತಿಂಗಳ ಬಾಡಿಗೆ’, ‘ಶೇಕಡಾ ೯೯.೯ ಕಾಲ ಅಖಂಡ ಸೇವೆ’. ಅಪರಿಮಿತವಾದುದನ್ನು ಅಲ್ಪ ಬೆಲೆಗೆ ಮಾರುವುದು ಹೇಗೆ ಸಾಧ್ಯ? ಮಾರುವವನು ಸುಳ್ಳಾಡುತ್ತಿರುವನೆ? ಹಾಗೆಂದು ಒಮ್ಮೆಗೇ ತೀರ್ಮಾನಿಸಲಾಗದು. ಈ ಮಾತುಗಳ ಹಿಂದೆ ಒಂದು ಗಣಿತವಿದೆ. ಅದು ಎಲ್ಲಿಯವರೆಗೆ ನಿಜ, ಎಲ್ಲಿ ಮುರಿದುಬೀಳುತ್ತದೆ ಎಂಬುದನ್ನು ಪರಿಶೀಲಿಸೋಣ.

ಜಾಲತಾಣವೆಂದರೆ ಕೆಲವು ಪುಟಗಳು, ಚಿತ್ರಗಳು, ಬೆಲೆಪಟ್ಟಿಗಳು. ಇವು ಹಗಲಿರುಳೂ ಎಚ್ಚರವಾಗಿರುವ ಒಂದು ಗಣಕಯಂತ್ರದಲ್ಲಿರಬೇಕು. ಕೇಳಿದವರಿಗೆ ಅದು ಪುಟವನ್ನು ಕಳುಹಿಸಬೇಕು. ಇಂತಹ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಅದರಲ್ಲಿ ಸ್ಥಳವನ್ನು ಬಾಡಿಗೆಗೆ ಕೊಡುವ ವ್ಯಾಪಾರವೇ ವೆಬ್ ಹೋಸ್ಟಿಂಗ್. ಮೊದಮೊದಲು ಒಂದೊಂದು ತಾಣಕ್ಕೂ ಪ್ರತ್ಯೇಕವಾದ ಅಂತರ್ಜಾಲ ಸಂಖ್ಯೆ ಬೇಕಾಗುತ್ತಿತ್ತು. ೧೯೯೭ರಲ್ಲಿ ಪ್ರಕಟವಾದ ಎಚ್‌ಟಿಟಿಪಿ ೧.೧ ಎಂಬ ನಿಯಮಾವಳಿಯು, ಪುಟವನ್ನು ಕೇಳುವ ಯಂತ್ರವು ತನಗೆ ಬೇಕಾದ ತಾಣದ ಹೆಸರನ್ನೂ ಕೂಡಿಯೇ ಹೇಳಬೇಕೆಂದು ವಿಧಿಸಿತು. ಒಂದೇ ಬಾಗಿಲ ಸಂಖ್ಯೆಯ ವಠಾರದಲ್ಲಿ ಕಾಗದದ ಮೇಲಿನ ಹೆಸರನ್ನು ನೋಡಿ ಅಂಚೆಯವನು ಅವರವರಿಗೆ ತಲುಪಿಸುವಂತೆ, ಒಂದೇ ಸಂಖ್ಯೆಯಲ್ಲಿ ನೂರಾರು ತಾಣಗಳು ವಾಸಮಾಡುವುದು ಇದರಿಂದ ಸುಲಭವಾಯಿತು. ಅಗ್ಗದ ಬಾಡಿಗೆಯ ಒಂದು ಮೂಲ ಇಲ್ಲಿದೆ.

ಇನ್ನೊಂದು ಮೂಲ ಇದಕ್ಕಿಂತ ಹಳೆಯದು, ಹೆಚ್ಚು ಸ್ವಾರಸ್ಯವಾದುದು. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎ. ಕೆ. ಎರ್ಲಾಂಗ್ ಎಂಬ ಗಣಿತಜ್ಞನು ದೂರವಾಣಿ ಕರೆಗಳಿಗೆ ಸಂಭವನೀಯತಾ ಸಿದ್ಧಾಂತವನ್ನು ಅನ್ವಯಿಸಿ ೧೯೦೯ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಊರಿನ ಎಲ್ಲ ಚಂದಾದಾರರೂ ಒಂದೇ ಕ್ಷಣದಲ್ಲಿ ಮಾತಿಗೆ ತೊಡಗುವುದಿಲ್ಲವಾದುದರಿಂದ, ಚಂದಾದಾರರಿರುವಷ್ಟು ತಂತಿಗಳು ಬೇಕಿಲ್ಲ. ಹಾಗಾದರೆ ಎಷ್ಟು ಸಾಕು ಎಂಬುದೇ ಅವನು ಎತ್ತಿಕೊಂಡ ಪ್ರಶ್ನೆ. ಹೋಸ್ಟಿಂಗ್ ವ್ಯಾಪಾರಿಯ ಲೆಕ್ಕವೂ ಇದೇ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದು ಸರ್ವರಿನಲ್ಲಿ ೨೦೦ ಅಂಗಡಿಗಳ ತಾಣಗಳಿವೆ. ಪ್ರತಿಯೊಂದಕ್ಕೂ ನೂರು ಕ್ಷಣಗಳಲ್ಲಿ ಒಂದು ಕ್ಷಣ ಮಾತ್ರ ಕೆಲಸವಿರುತ್ತದೆ. ಸರ್ವರು ಏಕಕಾಲದಲ್ಲಿ ಹತ್ತು ತಾಣಗಳ ಕೆಲಸವನ್ನು ನಿರ್ವಹಿಸಬಲ್ಲುದು. ಸರಾಸರಿಯಲ್ಲಿ ಯಾವುದೇ ಕ್ಷಣದಲ್ಲಿ ಎರಡು ತಾಣಗಳಿಗೆ ಮಾತ್ರ ಕೆಲಸವಿರುವುದಷ್ಟೆ. ಹತ್ತಕ್ಕಿಂತ ಹೆಚ್ಚು ತಾಣಗಳು ಒಟ್ಟಿಗೆ ಕೆಲಸ ಬೇಡುವ ಸಂಭವವೆಷ್ಟು? ಲೆಕ್ಕ ಮಾಡಿದರೆ ಅದು ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆ. ಇನ್ನೂರು ಯಂತ್ರಗಳ ಬದಲು ಒಂದೇ ಯಂತ್ರ ಸಾಕಾಯಿತು. ಯಾರಿಗೂ ಕೊರತೆ ತೋರಲಿಲ್ಲ. ಇದು ಮೋಸವಲ್ಲ, ಜಾಣತನ.

ಆದರೆ ಈ ಲೆಕ್ಕ ಒಂದು ಆಧಾರದ ಮೇಲೆ ನಿಂತಿದೆ: ಅಂಗಡಿಗಳ ಕೆಲಸ ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುತ್ತಿರಬೇಕು. ದೀಪಾವಳಿ ಬಂದಿತೆನ್ನಿ. ಬಟ್ಟೆಯವನು, ಸಿಹಿತಿಂಡಿಯವನು, ಪಾತ್ರೆಯವನು, ಎಲ್ಲರ ತಾಣಗಳಿಗೂ ಒಂದೇ ಸಂಜೆ ಗಿರಾಕಿಗಳು ನುಗ್ಗುತ್ತಾರೆ. ಪ್ರತಿ ತಾಣದ ಕೆಲಸ ಐದು ಪಟ್ಟು ಹೆಚ್ಚಿತೆಂದು ಭಾವಿಸೋಣ. ಆಗ ಹತ್ತರ ಮಿತಿಯನ್ನು ಮೀರುವ ಸಂಭವವೂ ಐದು ಪಟ್ಟಾಗುವುದೆಂದು ಊಹಿಸಿದರೆ ತಪ್ಪಾದೀತು. ಅದು ನೂರಕ್ಕೆ ಸುಮಾರು ನಲವತ್ತಕ್ಕೆ ಏರುತ್ತದೆ! ಲಕ್ಷಕ್ಕೆ ಒಂದೂ ಇಲ್ಲದಿದ್ದುದು ನೂರಕ್ಕೆ ನಲವತ್ತು. ವರ್ಷವೆಲ್ಲ ಚೆನ್ನಾಗಿದ್ದ ತಾಣವು ವ್ಯಾಪಾರದ ದಿನವೇ ಕುಂಟುವುದಕ್ಕೆ ಕಾರಣ ಇದು. ದ್ವಿಪದ ವಿತರಣೆಯನ್ನು ಬಲ್ಲ ಕಾಲೇಜು ವಿದ್ಯಾರ್ಥಿಗಳು ಈ ಎರಡು ಸಂಖ್ಯೆಗಳನ್ನು ಸ್ವತಃ ಸಾಧಿಸಿ ನೋಡಬಹುದು.

‘ಅಪರಿಮಿತ ಸ್ಥಳ’ದ ರಹಸ್ಯವೂ ಹೆಚ್ಚುಕಡಮೆ ಹೀಗೆಯೇ. ಸಣ್ಣ ಅಂಗಡಿಯ ತಾಣಕ್ಕೆ ಬೇಕಾಗುವ ಸ್ಥಳ ಬಹಳ ಅಲ್ಪ. ಬೇಡದ ವಸ್ತುವನ್ನು ಬೇಕಾದಷ್ಟು ಕೊಡುವೆನೆಂದು ಹೇಳಲು ಖರ್ಚೇನು? ಯಾರಾದರೂ ಆ ಮಾತನ್ನು ಅಕ್ಷರಶಃ ನಂಬಿ ತುಂಬಲು ಹೊರಟರೆ, ಕರಾರಿನ ಸಣ್ಣಕ್ಷರಗಳಲ್ಲಿ ಕಡತಗಳ ಸಂಖ್ಯೆಗೋ ಯಂತ್ರದ ಕಾಲಕ್ಕೋ ಮಿತಿ ಇರುವುದು ಕಾಣುತ್ತದೆ. ಮೊದಲ ವರ್ಷದ ಅಲ್ಪ ಬಾಡಿಗೆಯು ನವೀಕರಣದ ವೇಳೆಗೆ ಎಷ್ಟೋ ಪಟ್ಟು ಏರುವುದೂ ಈ ವ್ಯಾಪಾರದಲ್ಲಿ ವಾಡಿಕೆಯಾಗಿದೆ.

ಇನ್ನು ಶೇಕಡಾ ೯೯.೯. ವರ್ಷಕ್ಕೆ ೮೭೬೦ ಗಂಟೆಗಳು. ಅದರಲ್ಲಿ ಸಾವಿರಕ್ಕೆ ಒಂದು ಭಾಗವೆಂದರೆ ೮.೭೬ ಗಂಟೆ. ವರ್ಷದಲ್ಲಿ ಒಂದು ಇಡೀ ಕೆಲಸದ ದಿನ ಅಂಗಡಿ ಮುಚ್ಚಿದ್ದರೂ ಮಾತು ತಪ್ಪಿದಂತಾಗುವುದಿಲ್ಲ. ೯೯.೯೯ ಎಂದರೆ ಸುಮಾರು ೫೩ ನಿಮಿಷ. ನೋಡುವುದಕ್ಕೆ ಒಂದು ಒಂಬತ್ತರ ವ್ಯತ್ಯಾಸ. ಅನುಭವದಲ್ಲಿ ಹತ್ತು ಪಟ್ಟು. ಮಾತು ತಪ್ಪಿದಾಗಲೂ ಸಾಮಾನ್ಯವಾಗಿ ದೊರೆಯುವುದು ಬಾಡಿಗೆಯ ಒಂದಂಶವೇ ಹೊರತು ಕಳೆದುಹೋದ ವ್ಯಾಪಾರದ ಬೆಲೆಯಲ್ಲ.

ಈ ಸಂಖ್ಯೆ ಹೇಳದೆ ಬಿಡುವ ವಿಷಯ ಇನ್ನೂ ಗುರುತರವಾದುದು. ೨೦೨೧ರ ಮಾರ್ಚ್ ೧೦ರಂದು ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್ ನಗರದಲ್ಲಿ ಓವಿಎಚ್ ಎಂಬ ಹೋಸ್ಟಿಂಗ್ ಕಂಪನಿಯ ಸರ್ವರುಗಳಿದ್ದ ಕಟ್ಟಡವೊಂದು ಬೆಂಕಿಗೆ ಆಹುತಿಯಾಯಿತು. ಪ್ರಾಣಹಾನಿಯಾಗಲಿಲ್ಲ. ಆದರೆ ಲಕ್ಷಗಟ್ಟಲೆ ತಾಣಗಳು ಒಮ್ಮೆಗೇ ಮಾಯವಾದವು. ಕೆಲವರು ತಮ್ಮ ದಾಖಲೆಗಳ ಪ್ರತಿಯನ್ನೇ ಇಟ್ಟಿರಲಿಲ್ಲ. ಹಣ ತೆತ್ತು ಬ್ಯಾಕಪ್ ಸೇವೆಯನ್ನು ಕೊಂಡಿದ್ದ ಕೆಲವರ ಪ್ರತಿಗಳೋ, ಮೂಲವಿದ್ದ ಅದೇ ಕಟ್ಟಡದಲ್ಲಿದ್ದು ಅದರೊಡನೆಯೇ ಸುಟ್ಟುಹೋದವು. ಹೀಗೆ ನಷ್ಟಹೊಂದಿದ ಒಂದು ಸಣ್ಣ ಸಂಸ್ಥೆಯು ಲಿಲ್ ನಗರದ ವಾಣಿಜ್ಯ ನ್ಯಾಯಾಲಯದ ಮೊರೆಹೊಕ್ಕಿತು. ಬ್ಯಾಕಪ್ ಪ್ರತಿಯು ಮೂಲದಿಂದ ಭೌತಿಕವಾಗಿ ಬೇರೆಯಾಗಿರುವುದೆಂದು ಕರಾರಿನಲ್ಲಿ ಹೇಳಿತ್ತು. ೨೦೨೩ರಲ್ಲಿ ನ್ಯಾಯಾಲಯವು ಕಂಪನಿ ಪರಿಹಾರ ತೆರಬೇಕೆಂದು ತೀರ್ಪಿತ್ತಿತು.

ಇಲ್ಲಿ ಮುರಿದುಬಿದ್ದುದೂ ಪರಸ್ಪರ ಸಂಬಂಧವಿರಬಾರದೆಂಬ ಅದೇ ಆಧಾರ. ಎರಡು ಪ್ರತಿಗಳು ಬೇರೆಬೇರೆ ಊರುಗಳಲ್ಲಿದ್ದು, ವರ್ಷವೊಂದರಲ್ಲಿ ಒಂದೊಂದೂ ನಾಶವಾಗುವ ಸಂಭವ ಸಾವಿರಕ್ಕೆ ಒಂದೆಂದು ಇಟ್ಟುಕೊಂಡರೆ, ಅದೇ ವರ್ಷ ಎರಡೂ ನಾಶವಾಗುವ ಸಂಭವ ಹತ್ತು ಲಕ್ಷಕ್ಕೆ ಒಂದು. ಒಂದೇ ಸೂರಿನಡಿ ಇದ್ದರೆ, ಬೆಂಕಿಯ ಮಟ್ಟಿಗಂತೂ, ಎರಡು ಪ್ರತಿಗಳಿದ್ದೂ ಒಂದೇ ಇದ್ದಂತೆ. ಬಾಡಿಗೆಗೆ ಹೋಗುವವನು ಸ್ಥಳವೆಷ್ಟೆಂದು ಕೇಳುವುದಕ್ಕೆ ಮೊದಲು ಪ್ರತಿಯನ್ನು ಯಾವ ಊರಿನಲ್ಲಿಡುವಿರಿ, ಎಷ್ಟು ದಿನಕ್ಕೊಮ್ಮೆ ತೆಗೆಯುವಿರಿ, ಎರಡನೆಯ ವರ್ಷದ ಬಾಡಿಗೆಯೇನು ಎಂದು ಕೇಳುವುದು ಮೇಲು. ಜೊತೆಗೆ, ತಾಣದ ಡೊಮೇನ್ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೆಂಬುದನ್ನೂ ನೋಡಿಕೊಳ್ಳಬೇಕು. ತಾಣವನ್ನು ಕಟ್ಟಿಕೊಟ್ಟವನ ಹೆಸರಿನಲ್ಲಿದ್ದರೆ, ಸರ್ವರನ್ನು ಬದಲಿಸಬೇಕೆಂದಾಗ ಅಂಗಡಿಯವನು ತನ್ನದೇ ಹೆಸರಿಗಾಗಿ ಅವನ ಒಪ್ಪಿಗೆಯನ್ನು ಕಾಯಬೇಕಾಗುತ್ತದೆ.