ಆಕಾಶದ ಅಳತೆ, ಹೊಲದ ಮಾತು

ಅಂತರ್ಜಲವು ಕಣ್ಣಿಗೆ ಕಾಣದ ಸಂಪತ್ತು. 2002ರಲ್ಲಿ ಕಕ್ಷೆ ಸೇರಿದ ‘ಗ್ರೇಸ್’ ಎಂಬ ಜೋಡಿ ಉಪಗ್ರಹಗಳು, ಭೂಮಿಯ ಗುರುತ್ವದಲ್ಲಾಗುವ ಸೂಕ್ಷ್ಮ ವ್ಯತ್ಯಾಸದಿಂದ ಅದರ ಏರಿಳಿತವನ್ನು ಅಳೆದವು. 2002ರಿಂದ 2008ರವರೆಗೆ ರಾಜಸ್ಥಾನ, ಪಂಜಾಬ್, ಹರಿಯಾಣ, ದೆಹಲಿ ಪ್ರದೇಶಗಳು ಸುಮಾರು 109 ಘನ ಕಿಲೋಮೀಟರ್ ಅಂತರ್ಜಲವನ್ನು ಕಳೆದುಕೊಂಡವೆಂಬುದು 2009ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿತು. ಆದರೆ ನೂರಾರು ಕಿಲೋಮೀಟರುಗಳ ಹರಹನ್ನು ಒಟ್ಟಾಗಿ ನೋಡುವ ಈ ದೃಷ್ಟಿಗೆ ಸಣ್ಣ ಹಿಡುವಳಿ ಗೋಚರಿಸದು. ಆ ಕೊರತೆಯನ್ನು ಲ್ಯಾಂಡ್‌ಸ್ಯಾಟ್‌ನಂತಹ ಉಪಗ್ರಹಗಳು ಒಂದಿಷ್ಟು ತುಂಬುತ್ತವೆ; ಅವುಗಳ ಚಿತ್ರದ ಒಂದು ಬಿಂದು 30 ಮೀಟರ್ ಉದ್ದಗಲದ ಚೌಕ, ಎಂದರೆ ಸುಮಾರು 9 ಗುಂಟೆ.

ಇಂತಹ ಅಳತೆಗಳನ್ನು ರೈತನಿಗೆ ತಲುಪಿಸುವ ಬಗೆಗೆ ಪಾಕಿಸ್ತಾನದ ಪ್ರಯೋಗವೊಂದು ಉತ್ತಮ ನಿದರ್ಶನ. ಅಲ್ಲಿನ ಜಲಸಂಪನ್ಮೂಲ ಸಂಶೋಧನಾ ಮಂಡಳಿಯು ವಾಷಿಂಗ್ಟನ್ ವಿಶ್ವವಿದ್ಯಾಲಯದ ನೆರವಿನಿಂದ 2016ರಲ್ಲಿ ಸುಮಾರು 700 ರೈತರ ಮೊಬೈಲುಗಳಿಗೆ ಕಿರುಸಂದೇಶ ಕಳುಹಿಸತೊಡಗಿತು. 2017ರ ಆರಂಭದಲ್ಲಿ ಈ ಸಂಖ್ಯೆ 10,000ಕ್ಕೇರಿತು. ಉಪಗ್ರಹ ಮಾಹಿತಿಯ ಜಟಿಲ ಲೆಕ್ಕವೆಲ್ಲ ಅಲ್ಲಿ ‘ಬೆಳೆಗೆ ಬೇಕಾದ ನೀರು ಇಷ್ಟು ಅಂಗುಲ’ ಎಂಬ ಒಂದು ಮಾತಾಗಿ ಮಾರ್ಪಟ್ಟಿತು.

ಈ ಮಾರ್ಪಾಟೇ ಭಾಷೆಯ ಕಾರ್ಯ. ‘ಮಣ್ಣಿನ ತೇವಾಂಶ ಶೇಕಡಾ ಇಷ್ಟು’ ಎಂಬುದು ವಿಜ್ಞಾನದ ನುಡಿ. ಕನ್ನಡದ ರೈತನು ಕೇಳುವುದು ‘ಹದ ಇದೆಯೇ?’ ಎಂದು. ಆ ಒಂದು ಪದದ ಹಿಂದೆ ತಲೆಮಾರುಗಳ ಜಲವಿವೇಕವಿದೆ. ಅದನ್ನರಿಯದ ಸಂದೇಶವು ಕೈ ಸೇರಿದರೂ ಹೊಲ ಸೇರದು. ಪಂಪು ಎಂದಿನಂತೆ ಓಡುತ್ತಲೇ ಇರುತ್ತದೆ. ಕೃಷಿಯ ವೃತ್ತಿಪದಗಳನ್ನು ಸಂಗ್ರಹಿಸುವ ಕನ್ನಡ ವಿದ್ಯಾರ್ಥಿಯ ಶ್ರಮವೂ ನೀರಿನ ಸಂರಕ್ಷಣೆಯ ಒಂದು ಭಾಗವೇ ಆಗಿದೆ.