ಒಂದು ಯಂತ್ರದೊಳಗೆ ಹಲವು ಯಂತ್ರಗಳು

ಪರೀಕ್ಷೆಯ ಫಲಿತಾಂಶವನ್ನು ಮೊಬೈಲಿನಲ್ಲಿ ನೋಡುವ ವಿದ್ಯಾರ್ಥಿಗೆ ಅದು ಎಲ್ಲಿಂದ ಬಂತೆಂಬ ಯೋಚನೆ ಹೊಳೆಯುವುದು ಅಪರೂಪ. ದೂರದ ಯಾವುದೋ ದತ್ತಾಂಶ ಕೇಂದ್ರದಲ್ಲಿರುವ ಸರ್ವರ್ ಎಂಬ ಗಣಕಯಂತ್ರ ಅದನ್ನು ಕಳುಹಿಸಿರುತ್ತದೆ. ಇಂಥ ಸಾವಿರಾರು ಯಂತ್ರಗಳು ಹಗಲಿರುಳೂ ವಿದ್ಯುತ್ತನ್ನು ಉಣ್ಣುತ್ತವೆ. ಉಂಡದ್ದೆಲ್ಲ ಕಡೆಗೆ ಶಾಖವಾಗುತ್ತದೆ. ಆ ಶಾಖವನ್ನು ಹೊರದೂಡಲು ಮತ್ತಷ್ಟು ವಿದ್ಯುತ್ತು ಬೇಕು. ಅನೇಕ ಕಡೆ ನೀರೂ ಬೇಕು.

ಇಷ್ಟೆಲ್ಲ ವೆಚ್ಚ ಮಾಡಿ ಸಾಕಿದ ಯಂತ್ರಗಳು ಬಿಡುವಿಲ್ಲದೆ ದುಡಿಯುತ್ತವೆಯೇ? ಗೂಗಲ್ ಸಂಸ್ಥೆಯ ಬರೋಸೊ ಮತ್ತು ಹೋಲ್ಜ್ಲೆ ಎಂಬ ತಂತ್ರಜ್ಞರು 2007ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಸರ್ವರುಗಳು ಬಹುಪಾಲು ಸಮಯ ತಮ್ಮ ಸಾಮರ್ಥ್ಯದ ಶೇಕಡ 10ರಿಂದ 50ರಷ್ಟನ್ನು ಮಾತ್ರ ಬಳಸುತ್ತಿದ್ದವು. ಆದರೆ ಸುಮ್ಮನೆ ಕುಳಿತ ಯಂತ್ರವೂ ಪೂರ್ಣ ದುಡಿಮೆಗೆ ಬೇಕಾದ ವಿದ್ಯುತ್ತಿನ ಸುಮಾರು ಅರ್ಧದಷ್ಟನ್ನು ಕಬಳಿಸುತ್ತಿತ್ತು. ಬಿಳಿಯಾನೆ ಎಂದರೆ ಇದೇ ಅಲ್ಲವೇ!

ಹೀಗಾಗಲು ಕಾರಣವಿತ್ತು. ಒಂದು ಕೆಲಸದಲ್ಲಿ ತಲೆದೋರಿದ ದೋಷ ಇನ್ನೊಂದನ್ನು ಕೆಡಿಸಬಾರದೆಂದು ಒಂದೊಂದು ಕೆಲಸಕ್ಕೂ ಒಂದೊಂದು ಯಂತ್ರವನ್ನು ಮೀಸಲಿಡುವುದು ವಾಡಿಕೆಯಾಗಿತ್ತು. ಈ ದುಂದುಗಾರಿಕೆಗೆ ಪರಿಹಾರವಾಗಿ ಬಂದದ್ದು ವರ್ಚುವಲೈಸೇಷನ್ ಎಂಬ ತಂತ್ರ.

ತಂತ್ರವೇನೋ ಹಳೆಯದು. ಗಣಕಯಂತ್ರಗಳು ಅತ್ಯಂತ ದುಬಾರಿಯಾಗಿದ್ದ ಕಾಲದಲ್ಲಿ, ಅಮೆರಿಕದ ಕೇಂಬ್ರಿಜ್ ನಗರದಲ್ಲಿದ್ದ ಐ.ಬಿ.ಎಂ. ಸಂಸ್ಥೆಯ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ ಮತ್ತು ಸಂಗಡಿಗರು ಇದನ್ನು ರೂಪಿಸಿದರು. 1967ರಲ್ಲಿ ಅದು ಬಳಕೆಗೆ ಬಂತು. ಮುಂದೆ ಅಗ್ಗದ ಸಣ್ಣ ಯಂತ್ರಗಳು ಹೆಚ್ಚಿದಾಗ ಇದರ ಅಗತ್ಯ ಬಹುಮಂದಿಗೆ ಕಾಣಲಿಲ್ಲ. ಆ ಸಣ್ಣ ಯಂತ್ರಗಳಿಗೂ ಇದನ್ನು ಒಗ್ಗಿಸಿ 1999ರಲ್ಲಿ ಮಾರುಕಟ್ಟೆಗೆ ತಂದದ್ದು ಕ್ಯಾಲಿಫೋರ್ನಿಯದ ವಿಎಂವೇರ್ ಸಂಸ್ಥೆ.

ಒಂದೇ ಕಟ್ಟಡದಲ್ಲಿ ಬೆಳಗ್ಗೆ ಒಂದು ಶಾಲೆ, ಮಧ್ಯಾಹ್ನ ಇನ್ನೊಂದು ಶಾಲೆ ನಡೆಯುವುದುಂಟು. ಇಲ್ಲಿಯೂ ಹಾಗೆಯೇ, ಪಾಳಿ ಮಾತ್ರ ಸೆಕೆಂಡಿನ ಅತ್ಯಲ್ಪ ಭಾಗದಲ್ಲಿ ಬದಲಾಗುತ್ತದೆ. ಹೈಪರ್‌ವೈಸರ್ ಎಂಬ ತಂತ್ರಾಂಶವು ಯಂತ್ರದ ಸಮಯವನ್ನೂ ಸ್ಮರಣಕೋಶವನ್ನೂ ಪಾಲು ಮಾಡಿ ಕೊಡುತ್ತದೆ. ಪಾಲು ಪಡೆದ ಪ್ರತಿಯೊಂದು ವರ್ಚುವಲ್ ಯಂತ್ರವೂ ಇಡೀ ಯಂತ್ರ ತನ್ನದೇ ಎಂಬಂತೆ ದುಡಿಯುತ್ತದೆ. ಭ್ರಮೆಯೇ ಸರಿ, ಆದರೆ ಇಷ್ಟು ಉಪಕಾರಿಯಾದ ಭ್ರಮೆ ಅಪರೂಪ. ಒಂದರಲ್ಲಿನ ದೋಷ ಸಾಮಾನ್ಯವಾಗಿ ಪಕ್ಕದ್ದನ್ನು ಮುಟ್ಟುವುದಿಲ್ಲ. ಇನ್ನೂ ಸೋಜಿಗವೆಂದರೆ, ಕೆಲಸ ಮಾಡುತ್ತಿರುವಂತೆಯೇ ವರ್ಚುವಲ್ ಯಂತ್ರವನ್ನು ಒಂದು ಸರ್ವರಿನಿಂದ ಮತ್ತೊಂದಕ್ಕೆ ಸಾಗಿಸಬಹುದು. ಕೆಲಸ ಕಡಿಮೆಯಾದ ರಾತ್ರಿಯಲ್ಲಿ ಎಲ್ಲವನ್ನೂ ಕೆಲವೇ ಸರ್ವರುಗಳಿಗೆ ಸೇರಿಸಿ ಉಳಿದವನ್ನು ಆರಿಸಿಡಬಹುದು.

ಆದರೆ ಹತ್ತು ಕೆಲಸಗಳನ್ನು ಹೊತ್ತ ಯಂತ್ರ ಕೆಟ್ಟರೆ ಹತ್ತೂ ಒಟ್ಟಿಗೆ ನಿಲ್ಲುತ್ತವೆ. ಅದಕ್ಕಾಗಿ ಬದಲಿ ಯಂತ್ರ ಸಿದ್ಧವಿರಬೇಕು. ವರ್ಚುವಲ್ ಯಂತ್ರವನ್ನು ಸೃಷ್ಟಿಸುವುದು ಸುಲಭವಾದ್ದರಿಂದ ಕೆಲಸ ಮುಗಿದ ಮೇಲೂ ಎಷ್ಟೋ ಯಂತ್ರಗಳು ಮರೆತುಹೋಗಿ ಉಳಿಯುತ್ತವೆ. ಕೇಂದ್ರವನ್ನು ನೋಡಿಕೊಳ್ಳುವವರು ಆಗಾಗ ಪಟ್ಟಿ ಹಿಡಿದು ಕುಳಿತು, ಯಾರಿಗೂ ಬೇಡವಾದವನ್ನು ಹುಡುಕಿ ಅಳಿಸಬೇಕಾಗುತ್ತದೆ.