ಸಲಿಲತೀರದ ವಿಹಾರ

ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಅಂಗಗಳೆಂಬುದು ಸಾಹಿತ್ಯ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಸಂಗತಿ. ನಗರ, ಅರ್ಣವ, ಶೈಲ, ಋತು, ಚಂದ್ರೋದಯ, ಸೂರ್ಯೋದಯಗಳ ಬಳಿಕ ದಂಡಿಯ ಲಕ್ಷಣದಲ್ಲಿ ಉದ್ಯಾನವೂ ಸಲಿಲಕ್ರೀಡೆಯೂ ಒಂದರ ಮಗ್ಗುಲಲ್ಲಿ ಒಂದು ಬಂದಿವೆ. ಈ ನೆರೆಹೊರೆ ಆಕಸ್ಮಿಕವಲ್ಲ. 'ಉದ್ಯಾನ' ಶಬ್ದವನ್ನು ಬಿಡಿಸಿದರೆ ಉತ್ ಮತ್ತು ಯಾನ. ಮನೆಯ ಹೊಸ್ತಿಲನ್ನು ದಾಟಿ ಹೊರಗೆ ಹೋಗುವುದೆಂದೇ ಅದರ ಮೂಲಾರ್ಥ. ಹಾಗೆ ಹೊರಟವನ ಕಾಲು ನೀರಿದ್ದಲ್ಲಿಗೆ ತಾನಾಗಿ ಎಳೆಯುತ್ತದೆ. 'ತೀರ್ಥ' ಎಂಬುದಕ್ಕೂ ದಾಟುವುದೆಂಬ ಅರ್ಥದ ಧಾತುವೇ ಮೂಲ. ಹೊಳೆಯನ್ನು ಹಾಯುವ ಕಡವೇ ಮೊದಲಿನ ತೀರ್ಥ, ಮಿಂದು ಪುಣ್ಯ ಗಳಿಸುವ ಸ್ಥಳವೆಂಬ ಅರ್ಥ ಆಮೇಲಿನದು. ಹಿಂದೆ ಕಾವ್ಯದಲ್ಲಿ ಅರಸರು ಪರಿವಾರಸಹಿತರಾಗಿ ಮಾಡುತ್ತಿದ್ದ ಈ ವಿಹಾರವನ್ನು ಇಂದು ರೊಟ್ಟಿಯ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುವ ಯಾವ ಸಂಸಾರವಾದರೂ ಮಾಡಬಲ್ಲದು.

ಆದರೆ ನೀರಿನ ದಂಡೆಗೆ ಬಂದವರೆಲ್ಲ ಕ್ರೀಡೆಗಾಗಿಯೇ ಬಂದಿರುವುದಿಲ್ಲ. ಇದನ್ನು ಬಲ್ಲವನು ಮುದುವೊಳಲ ರನ್ನ. ಇಂದಿನ ಮುಧೋಳವೇ ಆ ಮುದುವೊಳಲು. ಘಟಪ್ರಭೆಯ ಮಡಿಲಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದ ಈ ಕವಿ 'ಗದಾಯುದ್ಧ'ದಲ್ಲಿ ವೈಶಂಪಾಯನ ಸರೋವರದ ದಂಡೆಗೆ ದುರ್ಯೋಧನನನ್ನು ಒಬ್ಬಂಟಿಯಾಗಿ ತಂದು ನಿಲ್ಲಿಸಿದ್ದಾನೆ. ತಮ್ಮಂದಿರಿಲ್ಲ, ಕರ್ಣನಿಲ್ಲ, ಮಗನಿಲ್ಲ. ಕೊಳದ ತಂಪಿನೊಳಗೆ ಅಡಗಿದರೂ ಭೀಮನ ಮಾತಿನ ಬೇಗೆಯಿಂದ ಅವನು ತಪ್ಪಿಸಿಕೊಳ್ಳಲಾರನು. ಪರಿವಾರದೊಡನೆ ಬಂದವನಿಗೆ ಸರೋವರವು ಆಟದ ಅಂಗಳ; ಎಲ್ಲವನ್ನೂ ಕಳೆದುಕೊಂಡು ಬಂದವನಿಗೆ ಲೆಕ್ಕ ಒಪ್ಪಿಸುವ ಸ್ಥಳ. ಬಾಗಲಕೋಟೆ ಜಿಲ್ಲೆಯ ನೀರಿನ ದಂಡೆಗಳನ್ನು ನೋಡಲು ಹೊರಡುವವರು ಈ ಎರಡು ದೃಷ್ಟಿಗಳನ್ನೂ ಜೊತೆಗೆ ಇಟ್ಟುಕೊಂಡು ಹೋಗುವುದು ಲೇಸು.

ಮೊದಲು ಬಾದಾಮಿ. ಕೆಂಪು ಮರಳುಗಲ್ಲಿನ ಎರಡು ಬೆಟ್ಟಗಳ ನಡುವೆ, ಬೊಗಸೆಯಲ್ಲಿ ಹಿಡಿದಂತೆ, ಅಗಸ್ತ್ಯತೀರ್ಥ ನಿಂತಿದೆ. ದಕ್ಷಿಣದ ಬೆಟ್ಟದಲ್ಲಿ ಗುಹಾಲಯಗಳು. ಅವುಗಳಲ್ಲಿ ಮೂರನೆಯದು ಶಕ 500, ಅಂದರೆ ಕ್ರಿ.ಶ. 578ರ ಶಾಸನವುಳ್ಳದ್ದು. ಉತ್ತರದ ಬಂಡೆಯ ಮೇಲೆ ಒಂದನೆಯ ಪುಲಕೇಶಿಯು ವಾತಾಪಿಯನ್ನು ದುರ್ಗವನ್ನಾಗಿ ಮಾಡಿದುದನ್ನು ಹೇಳುವ ಕ್ರಿ.ಶ. 543ರ ಶಾಸನವಿದೆ. ಪೂರ್ವದ ತುದಿಯಲ್ಲಿ ಭೂತನಾಥ ದೇವಾಲಯವು ಮೆಟ್ಟಿಲುಗಳ ಮೂಲಕ ನೀರಿಗಿಳಿದಂತೆ ಕಾಣುತ್ತದೆ. ಮಳೆಗಾಲದಲ್ಲಿ ಬೆಟ್ಟದ ನೆತ್ತಿಯಿಂದ ಜೋಡಿಯಾಗಿ ಧುಮುಕುವ ನೀರನ್ನು ಜನ ಅಕ್ಕತಂಗಿಯರ ದಬದಬೆ ಎನ್ನುತ್ತಾರೆ. ಬೇಸಿಗೆಯಲ್ಲಿ ಅಲ್ಲಿ ಕಲೆ ಮಾತ್ರ ಉಳಿದಿರುತ್ತದೆ. ದಂಡೆಯ ಸೋಪಾನಗಳಲ್ಲಿ ಬಟ್ಟೆ ಒಗೆಯುವ ಸದ್ದು ಎದುರಿನ ಬಂಡೆಗೆ ತಾಗಿ ಒಂದಕ್ಕೆರಡಾಗಿ ಮರಳುತ್ತದೆ. ಇದನ್ನು ಕುಂದೆಂದು ಭಾವಿಸುವ ಪ್ರವಾಸಿಗಳುಂಟು. ಆದರೆ ಕೆರೆಯು ಊರಿಗಾಗಿ ಹುಟ್ಟಿದ್ದು, ಚಿತ್ರಕ್ಕಾಗಿ ಅಲ್ಲ.

ಶಾಲೆಯ ಮಕ್ಕಳನ್ನು ಇಲ್ಲಿಗೆ ಕರೆತರುವ ಅಧ್ಯಾಪಕರು ಸಾಮಾನ್ಯವಾಗಿ ಗುಹೆಗಳನ್ನು ತೋರಿಸಿ, ಕೋತಿಗಳಿಂದ ಬುತ್ತಿಯನ್ನು ಕಾಪಾಡಿ, ಹಿಂತಿರುಗುತ್ತಾರೆ. ಕೆರೆಯ ಈಶಾನ್ಯಕ್ಕೆ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನದವರೆಗೆ ಹೋಗುವವರು ವಿರಳ. ಕ್ರಿ.ಶ. ಸುಮಾರು 700ರ ಆ ಬರಹದಲ್ಲಿ ಒಬ್ಬ ವೀರನ ಸ್ವಭಾವವನ್ನು ಕೊಂಡಾಡಲು ಬಳಸಿರುವುದು ತ್ರಿಪದಿ. ಕನ್ನಡದಲ್ಲಿ ದೊರೆತ ಅತ್ಯಂತ ಹಳೆಯ ತ್ರಿಪದಿಗಳಿವು. ಒಟ್ಟು ಹನ್ನೊಂದು ಗಣ. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ ಎಂಬ ಲಕ್ಷಣವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಬರೆದರೂ ಮಕ್ಕಳ ಕಣ್ಣು ಮಂಕಾಗುವುದೇ ಹೊರತು ಬೇರೇನೂ ಆಗದು. ಆ ಬಂಡೆಯ ಎದುರು ನಿಲ್ಲಿಸಿ, ಕೈತಾಳ ಹಾಕಿಸಿ, ಎರಡನೆಯ ಸಾಲನ್ನು ಮತ್ತೆ ಎತ್ತಿ ಹಾಡಿಸಿದರೆ ಮಗು ತಟ್ಟನೆ ಗುರುತಿಸುತ್ತದೆ: ಇದು ಅಜ್ಜಿ ಬೀಸುವಾಗ ಹಾಡುತ್ತಿದ್ದ ಧಾಟಿ. ಸರ್ವಜ್ಞನದೂ ಇದೇ ಧಾಟಿ. ಅಂತಹ ಬಂಡೆಗಳಿರುವ ಬೆಟ್ಟದಲ್ಲಿಯೇ ತಮ್ಮ ಹೆಸರನ್ನು ಮೊಳೆಯಿಂದ ಗೀಚಿ ಹೋಗುವವರಿದ್ದಾರೆ. ಅಕ್ಷರ ಕಲಿತವರೇ ಹಾಗೆ ಮಾಡುವುದರಿಂದ ಅದರ ಅರ್ಧ ಹೊಣೆ ಅಕ್ಷರ ಕಲಿಸಿದವರದು.

ಇನ್ನು ಆಲಮಟ್ಟಿ. ಊರು ವಿಜಯಪುರ ಜಿಲ್ಲೆಗೆ ಸೇರಿದ್ದಾದರೂ ಅದರ ನೀರು ಬಾಗಲಕೋಟೆಯ ಬಾಗಿಲಿನವರೆಗೂ ಬಂದಿದೆ. 1964ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಯವರು ಕೃಷ್ಣೆಗೆ ಅಡ್ಡಲಾಗಿ ಅಡಿಗಲ್ಲನ್ನಿರಿಸಿದ ಅಣೆಕಟ್ಟನ್ನು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮರು ರಾಷ್ಟ್ರಕ್ಕೆ ಸಮರ್ಪಿಸಿದರು. 519.6 ಮೀಟರು ಮಟ್ಟದಲ್ಲಿ ಜಲಾಶಯದ ಧಾರಣೆ ಸುಮಾರು 123 ಟಿ.ಎಂ.ಸಿ. ಅಣೆಕಟ್ಟಿನ ಬಳಿಯ ಉದ್ಯಾನಗಳಲ್ಲಿ ಶಿಲೋದ್ಯಾನವುಂಟು, ಸಂಗೀತ ಕಾರಂಜಿಯುಂಟು, ದೋಣಿವಿಹಾರವುಂಟು. ರಜೆಯ ದಿನ ಸಂಜೆ ಅಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಕಾರಂಜಿ ಬಣ್ಣ ಬದಲಿಸಿದಾಗಲೆಲ್ಲ ಮಕ್ಕಳು ಕೂಗುತ್ತಾರೆ. ತೋಪುತೆನಿ ಸೆರಗಿನ ಇಳಕಲ್ಲ ಸೀರೆಯುಟ್ಟ ಹಿರಿಯ ಹೆಣ್ಣುಮಕ್ಕಳು ಹುಲ್ಲಿನ ಮೇಲೆ ಬುತ್ತಿ ಬಿಚ್ಚುತ್ತಾರೆ. ದಂಡಿಯ ಸಲಿಲಕ್ರೀಡೆ ಇಲ್ಲಿ ಸರ್ವಜನರ ಸೊತ್ತಾಗಿದೆ.

ಅದೇ ಗುಂಪಿನಲ್ಲಿ ಕಾರಂಜಿಗೆ ಬೆನ್ನು ಮಾಡಿ ಜಲಾಶಯದ ಕಡೆಗೆ ಮುಖ ಮಾಡಿ ಕುಳಿತ ಒಬ್ಬಿಬ್ಬರು ವೃದ್ಧರು ಇರುತ್ತಾರೆ. ಅವರು ಮುಳುಗಡೆಯ ಜನ. ಕೃಷ್ಣೆಯ ಹಿನ್ನೀರು ಘಟಪ್ರಭೆಯೊಳಗೆ ಹಿಂದಕ್ಕೇರಿದಾಗ ಎಷ್ಟೋ ಹಳ್ಳಿಗಳೊಡನೆ ಹಳೆಯ ಬಾಗಲಕೋಟೆಯ ತಗ್ಗಿನ ಭಾಗಗಳೂ ನೀರು ಪಾಲಾದವು; ಊರಿಗೆ 'ಮುಳುಗಡೆ ನಗರಿ' ಎಂಬ ಹೆಸರಂಟಿತು. ನವನಗರವು ವಿಶಾಲವಾದ ರಸ್ತೆಗಳೊಡನೆ ಕ್ರಮಬದ್ಧವಾಗಿ ನಿರ್ಮಿತವಾದುದು. ಅದರ ಯೋಜನೆಯನ್ನು ಹಳಿಯಲು ಕಾರಣವಿಲ್ಲ. ಆದರೆ ಅಲ್ಲಿ ವಿಳಾಸ ಹೇಳುವುದು ಸೆಕ್ಟರಿನ ಸಂಖ್ಯೆಯಿಂದ. ಹಳೆಯ ಊರಿನಲ್ಲಿ ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂದು ಹೆಸರುಗಳಿದ್ದವು. ಹೋಳಿಯ ದಿನಗಳಲ್ಲಿ ಹಲಗೆಯ ನಾದದೊಡನೆ ಬಣ್ಣದ ಬಂಡಿಗಳು ಹೊರಡುವುದು ಇಂದಿಗೂ ಆ ಹೆಸರುಗಳ ಮೇಲೆಯೇ. ಪರಿಹಾರದ ಹಣವನ್ನು ಎಣಿಸಬಹುದು. ಓಣಿಯ ನೆರೆಯನ್ನು ಎಣಿಸುವ ಪದ್ಧತಿ ಯಾವ ಕಚೇರಿಯಲ್ಲಿಯೂ ಇಲ್ಲ. ಇತ್ತ, ಇದೇ ಕೃಷ್ಣೆಯ ನೀರು ನಾರಾಯಣಪುರದ ಕಾಲುವೆಗಳಲ್ಲಿ ಹರಿದು ಸುರಪುರ, ಶಹಾಪುರಗಳ ಒಣಭೂಮಿಯನ್ನು ಭತ್ತದ ಗದ್ದೆಯಾಗಿಸಿದೆ ಎಂಬುದನ್ನೂ ಮರೆಯಲಾಗದು. 2010ರ ನ್ಯಾಯಾಧಿಕರಣದ ತೀರ್ಪು ಜಲಾಶಯದ ಮಟ್ಟವನ್ನು 524.256 ಮೀಟರಿಗೆ ಏರಿಸಲು ಸಮ್ಮತಿಸಿದ ಮೇಲೆ, ಅಳಿದುಳಿದ ಓಣಿಗಳವರೂ ನೀರಿನ ಕಡೆ ನೋಡುವ ನೋಟ ಬದಲಾಗಿದೆ. ಮೊಮ್ಮಗನು ದೋಣಿ ಹತ್ತೋಣವೆಂದು ಕೈ ಜಗ್ಗುವಾಗ ಅಜ್ಜನು ತಡಮಾಡುವುದು ಮುಪ್ಪಿನಿಂದಲೇ ಎಂದು ತಿಳಿಯಬಾರದು. ಆ ಮಗುವಿಗೆ ನೀರಿನ ಕೆಳಗಿನ ಓಣಿಯ ಹೆಸರನ್ನು ಹೇಳುವವರು ಅವನ ಹೊರತು ಬಹಳ ಮಂದಿ ಉಳಿದಿಲ್ಲ.

ಕೂಡಲಸಂಗಮಕ್ಕೆ ಹೋದರೆ ಇವೆರಡು ದೃಷ್ಟಿಗಳೂ ಸಂಧಿಸುತ್ತವೆ. ಹುನಗುಂದ ತಾಲೂಕಿನ ಈ ಕ್ಷೇತ್ರದಲ್ಲಿ ಮಲಪ್ರಭೆಯು ಕೃಷ್ಣೆಯನ್ನು ಸೇರುತ್ತದೆ. 'ಕೂಡಲ' ಎಂದರೂ 'ಸಂಗಮ' ಎಂದರೂ ಒಂದೇ. ದೇಶ್ಯವೂ ಸಂಸ್ಕೃತವೂ ಎರಡು ಹೊಳೆಗಳಂತೆಯೇ ಈ ಹೆಸರಿನಲ್ಲಿ ಕೂಡಿವೆ. ನಾರಾಯಣಪುರದ ಬಸವಸಾಗರವು 1982ರಲ್ಲಿ ಪೂರ್ಣಗೊಂಡು ಹಿನ್ನೀರು ಇಲ್ಲಿಗೂ ಹಬ್ಬಿತು. ಬಸವಣ್ಣನವರ ಐಕ್ಯಸ್ಥಳವು ನದಿಯ ಪಾತ್ರದಲ್ಲಿಯೇ ಇದ್ದುದರಿಂದ ಅದು ಮುಳುಗಬೇಕಾಗಿತ್ತು. ಅದನ್ನು ಕಿತ್ತು ಬೇರೆಡೆ ನಿಲ್ಲಿಸಲಿಲ್ಲ. ಇದ್ದಲ್ಲಿಯೇ ಇರಿಸಿ, ಸುತ್ತಲೂ ಬಾವಿಯ ಆಕಾರದಲ್ಲಿ ಎತ್ತರದ ಗೋಡೆಯನ್ನೆಬ್ಬಿಸಿದರು. ಇಂದು ಯಾತ್ರಿಕನು ದಂಡೆಯಿಂದ ಸೇತುವೆಯ ಮೇಲೆ ನಡೆದು ಅಲ್ಲಿಗೆ ತಲುಪಿ, ಮೆಟ್ಟಿಲಿಳಿಯುತ್ತಾನೆ. ಇಳಿದಂತೆಲ್ಲ ಗಾಳಿಯ ಸದ್ದು ನಿಲ್ಲುತ್ತದೆ, ಮಕ್ಕಳು ತಾವಾಗಿಯೇ ಮಾತು ತಗ್ಗಿಸುತ್ತಾರೆ. ತುಂಬಿದ ಹೊಳೆಯ ದಿನಗಳಲ್ಲಿ, ತಳದಲ್ಲಿ ನಿಂತವನ ತಲೆಗಿಂತ ಎಷ್ಟೋ ಮೇಲೆ, ಗೋಡೆಯ ಆಚೆಗೆ, ನೀರು ಇರುತ್ತದೆ.